ಇನ್ಸ್‌ಪೆಕ್ಟರ್ ಮನೆಯ ಕೊಸರು

ನಮ್ಮ ಮನೆಯಲ್ಲಿ ಯಾರೂ ಅರೆಹೊಟ್ಟೆಯಲ್ಲಿ ತಟ್ಟೆ ಬಿಟ್ಟು ಏಳುವುದಿಲ್ಲ. ಇದು ಜಂಬದ ಮಾತು ಅಂತ ನೀವು ಅಂದುಕೊಂಡರೆ ತಪ್ಪು. ಇದು ನನ್ನ ದೂರು. ಈ ತುಂಬಿದ ಹೊಟ್ಟೆಗಳ ದೆಸೆಯಿಂದ ನನ್ನ ನೌಕರಿ, ಮಾನ, ಗತ್ತು ಎಲ್ಲವೂ ಹೇಗೆ ತೂಗುಯ್ಯಾಲೆಯಾದವು ಎಂಬುದನ್ನು ಯಾರ ಹತ್ತಿರವಾದರೂ ತೋಡಿಕೊಳ್ಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸಿಕ್ಕಿದ್ದೀರಿ, ಕೇಳಿ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಇನ್ಸ್‌ಪೆಕ್ಟರ್ ಎಂದ ಕೂಡಲೇ ಬೂಟು, ಲಾಠಿ, ಜೀಪು ಕಲ್ಪಿಸಿಕೊಳ್ಳಬೇಡಿ. ನನ್ನ ಆಯುಧ ಒಂದು ಮರದ ಪೆಟ್ಟಿಗೆ. ಅದರೊಳಗೆ ಮಖಮಲ್ಲಿನ ಹಾಸಿಗೆಯ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳು ಮಲಗಿರುತ್ತವೆ. (ನನ್ನ ಮಕ್ಕಳು ಮಲಗುವುದು ಚಾಪೆಯ ಮೇಲೆ. ಬಟ್ಟುಗಳು ಸರ್ಕಾರದ ಮಕ್ಕಳು, ಅವುಗಳ ಯೋಗವೇ ಬೇರೆ.) ಮಾರ್ಕೆಟ್ಟಿನ ಪ್ರತಿ ಅಂಗಡಿಯ ತಕ್ಕಡಿಯಲ್ಲಿ ಇವನ್ನು ಇಟ್ಟು, ಮುಳ್ಳು ಕೂದಲೆಳೆಯಷ್ಟು ಅತ್ತಿತ್ತ ಹೋದರೂ ದಂಡ ಹಾಕುವುದು ನನ್ನ ಕೆಲಸ. ಅಲ್ಲಿ ನಾನು ಒಂದು ಲೋಟ ನೀರನ್ನೂ ಕುಡಿದವನಲ್ಲ. ವ್ಯಾಪಾರಿಗಳು ನನ್ನನ್ನು ಬೆನ್ನ ಹಿಂದೆ ‘ಹಿತ್ತಾಳೆ’ ಎಂದು ಕರೆಯುತ್ತಾರೆಂದು ನನಗೆ ಗೊತ್ತು. ಅದನ್ನು ನಾನು ಬಿರುದು ಎಂದೇ ಸ್ವೀಕರಿಸಿದ್ದೇನೆ.

ಇಷ್ಟು ನಿಷ್ಠೆಗೆ ಸರ್ಕಾರ ಕೊಡುವ ಸಂಬಳವನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ. ಬಾಡಿಗೆ, ಸ್ಕೂಲ್ ಫೀಸು, ಅಪ್ಪನ ಔಷಧಿ ಇವೆಲ್ಲ ಕಳೆದು ಮಿಕ್ಕ ಚೂರುಪಾರು ನನ್ನ ಹೆಂಡತಿಯ ಕೈ ಸೇರುತ್ತದೆ. ಅದರಲ್ಲಿ ಅವಳು ನನ್ನನ್ನು, ತನ್ನನ್ನು, ಬೆಳೆಯುವ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳನ್ನು ಮತ್ತು ನಮ್ಮಪ್ಪನನ್ನು ಸಾಕಬೇಕು. ನಮ್ಮಪ್ಪನದು ಒಂದೇ ಬಾಯಿ ಎಂದು ಎಣಿಸಬೇಡಿ. ಅವರು ರೈಲ್ವೆ ಇಂಜಿನ್ನಿಗೆ ಸಲಿಕೆಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಸಲಿಕೆಯ ವೇಗ ಮಾತ್ರ ಕೈಯಲ್ಲಿ ಹಾಗೇ ಉಳಿದಿದೆ.

ಇಂಥ ಸೈನ್ಯಕ್ಕೆ ಅಷ್ಟು ದುಡ್ಡಿನಲ್ಲಿ ಎರಡು ಹೊತ್ತು ಹೊಟ್ಟೆ ತುಂಬ ಹಾಕುತ್ತಾಳಲ್ಲ, ಆ ವಿದ್ಯೆಯನ್ನು ನೀವು ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ನೋಡಬೇಕು. ಕಾಳು ನೆನೆಹಾಕಿದರೆ ಎರಡರಷ್ಟಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಇವಳು ನೆನೆಹಾಕಿದರೆ ಮೂರರಷ್ಟಾಗುತ್ತದೆ ಎಂದು ನನ್ನ ಅನುಮಾನ. ಕಾಳು ಬೆಂದ ನೀರು ಚೆಲ್ಲುವ ಮಾತೇ ಇಲ್ಲ, ಮಾರನೆಯ ದಿನದ ಗಂಜಿಗೆ ಅದೇ ತಳಪಾಯ. ಬೇರೆಯವರು ಬಿಸಾಡುವ ಎಲೆಕೋಸಿನ ದಿಂಡನ್ನು ಎಷ್ಟು ಸಣ್ಣಗೆ ಹೆಚ್ಚುತ್ತಾಳೆಂದರೆ, ಅನ್ನದಲ್ಲಿ ಬೆರೆತ ಮೇಲೆ ಯಾವುದು ಅಕ್ಕಿ, ಯಾವುದು ದಿಂಡು ಅಂತ ನನ್ನಂಥ ಸರ್ಕಾರಿ ಪರೀಕ್ಷಕನಿಗೂ ಹೇಳಲಾಗುವುದಿಲ್ಲ. ಕುಂಬಳಕಾಯಿ ತಂದರೆ ತಿರುಳು ಒಂದು ದಿನಕ್ಕೆ, ಹುರಿದ ಸಿಪ್ಪೆ ಇನ್ನೊಂದು ದಿನಕ್ಕೆ, ಬೀಜ ಒಣಗಿ ಹುಡುಗಿಯರ ಜೇಬಿಗೆ. ತೊಟ್ಟನ್ನು ಮಾತ್ರ ಎಸೆಯುತ್ತಾಳೆ. (ಅದನ್ನೂ ಒಂದು ಸಲ ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸುತ್ತ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.)

ಕೊನೆಯಲ್ಲಿ ಬರುತ್ತದೆ ಈರುಳ್ಳಿ. ಒಂದೇ ಒಂದು. ಅದನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಸಣ್ಣ ಉರಿಯಲ್ಲಿ, ಚಮಚ ಎಣ್ಣೆಯಲ್ಲಿ, ಯಾರಿಗೂ ಇಲ್ಲದ ತಾಳ್ಮೆಯಿಂದ ಕೆಂಪಗೆ ಹುರಿದು ಪಾತ್ರೆಗೆ ಸುರಿಯುತ್ತಾಳೆ. ಆ ವಾಸನೆಗೆ ಬೀದಿಯಲ್ಲಿ ಹೋಗುವವರು ನಿಂತು ನಮ್ಮ ಕಿಟಕಿ ನೋಡುತ್ತಾರೆ. ಅರ್ಧ ಹೊಟ್ಟೆ ಅಲ್ಲೇ ತುಂಬುತ್ತದೆ. ನನಗೆ ನನ್ನ ಹೆಂಡತಿಯ ಮೇಲೆ ಪ್ರೀತಿ ಇದೆ, ಅದು ಬೇರೆ ವಿಷಯ. ಆದರೆ ಆ ಈರುಳ್ಳಿ ಕೆಂಪಾಗುವ ಹೊತ್ತಿಗೆ ಅವಳ ಮೇಲೆ ನನಗೆ ಹುಟ್ಟುವುದು ಬರೀ ಪ್ರೀತಿಯಲ್ಲ, ಭಕ್ತಿ.

ಎಲ್ಲ ಸರಿಯಾಗಿಯೇ ಇತ್ತು, ನಮ್ಮ ದೊಡ್ಡ ಸಾಹೇಬರು ಊಟಕ್ಕೆ ಕೂರುವವರೆಗೆ.

ದೊಡ್ಡ ಸಾಹೇಬರು ಎಂದರೆ ನನ್ನ ಮೇಲಧಿಕಾರಿ. ವರ್ಷಕ್ಕೊಮ್ಮೆ ನನ್ನ ನಡತೆಯ ಬಗ್ಗೆ ವರದಿ ಬರೆಯುವವರು. ಅವರು ಅಡ್ಡ ಗೆರೆ ಎಳೆದರೆ ನಾನು ಮನೆಯಲ್ಲಿ ಕೂರಬೇಕು, ಅಷ್ಟು ಅಧಿಕಾರ. ಒಂದು ಸಂಜೆ ನನ್ನ ಪೆಟ್ಟಿಗೆಯ ಸೀಲು ನೋಡಲು ಮನೆಗೇ ಬಂದರು. ಸೀಲು ನೋಡುವಷ್ಟರಲ್ಲಿ ಈರುಳ್ಳಿ ಕೆಂಪಾಯಿತು. ಇವಳು “ಊಟ ಮಾಡ್ಕೊಂಡೇ ಹೋಗಿ ಸಾರ್” ಅಂದಳು. ಅವರು ಬೇಡವೆನ್ನಲು ಬಾಯಿ ತೆರೆದರು, ಮೂಗು ಒಪ್ಪಲಿಲ್ಲ.

ಮೂರು ಸಲ ಬಡಿಸಿಕೊಂಡರು. ನಮ್ಮಪ್ಪ ಮೊದಲ ಬಾರಿಗೆ ಸಮಜೋಡಿ ಸಿಕ್ಕ ಸಂತೋಷದಲ್ಲಿ ಅವರ ತಟ್ಟೆಯನ್ನೇ ನೋಡುತ್ತಿದ್ದರು. ಕೈ ತೊಳೆದು ಬಂದ ಸಾಹೇಬರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಸುಮ್ಮನೆ ಎನ್ನುವಂತೆ ಹೇಳಿದರು.

“ನನ್ನ ಸಂಬಳ ನಿಮ್ಮ ಎರಡರಷ್ಟಿದೆ. ನಮ್ಮನೇಲಿ ತಿಂಗಳ ಕೊನೆಗೆ ಡಬ್ಬಗಳೆಲ್ಲ ಖಾಲಿ. ನಿಮ್ಮನೇಲಿ ಇಷ್ಟು ಜನಕ್ಕೆ ಇಷ್ಟು ಊಟ. ಮಾರ್ಕೆಟ್‌ನೋರು ನಿಮ್ಮನ್ನ ಚೆನ್ನಾಗೇ ನೋಡ್ಕೋತಿದಾರೆ ಅನ್ನಿ.”

ಅವರು ನಕ್ಕರು. ವರದಿ ಬರೆಯುವ ಕಾಲ ಹತ್ತಿರವಿತ್ತು. ಜೀವಮಾನವೆಲ್ಲ ಮಾರ್ಕೆಟ್ಟಿನಲ್ಲಿ ನೀರೂ ಮುಟ್ಟದೆ ಕಾಪಾಡಿಕೊಂಡು ಬಂದ ಹೆಸರು ಒಂದು ಊಟದಲ್ಲಿ ಕರಗಿಹೋಗುವುದರಲ್ಲಿತ್ತು.

ಅವರು ಬೀದಿಯ ತಿರುವು ದಾಟುವುದನ್ನೇ ಕಾದು, ಅಡಿಗೆಮನೆಗೆ ಹೋದೆ.

“ನಿಜ ಹೇಳು. ನಾನು ಕೊಡೋ ದುಡ್ಡಲ್ಲಿ ಇಷ್ಟು ಸಾಮಾನು ಹೇಗೆ ಬರುತ್ತೆ?”

“ಬಜಾರ್ ಮುಚ್ಚೋ ಹೊತ್ತಿಗೆ ಹೋಗ್ತೀನಿ. ನುಚ್ಚಕ್ಕಿ ತಗೋತೀನಿ. ಮಿಕ್ಕಿದ್ದು ಕೊಸರು,” ಅಂದಳು ಪಾತ್ರೆ ತಿಕ್ಕುತ್ತ.

“ಕೊಸರು?”

“ಕೊಸರು ಗೊತ್ತಿಲ್ವಾ ನಿಮಗೆ? ತೂಗಿ ಆದ್ಮೇಲೆ ಮೇಲೊಂದು ಹಿಡಿ ಹಾಕ್ತಾರಲ್ಲ, ಅದು. ಈರುಳ್ಳಿ ಅಕ್ಕ ಎರಡು ಈರುಳ್ಳಿ ಹಾಕ್ತಾಳೆ, ಕಾಳಿನೋನು ಒಂದು ಬೊಗಸೆ. ಎಲ್ಲ ಸೇರಿದ್ರೆ ಒಂದು ಹೊತ್ತಿನ ಊಟ.”

ಇಲಾಖೆಯ ನಿಯಮಾವಳಿಯಲ್ಲಿ ನಿವ್ವಳ ತೂಕವಿದೆ, ಒಟ್ಟು ತೂಕವಿದೆ, ಚೀಲದ ತೂಕವಿದೆ. ಕೊಸರು ಎಂಬ ತೂಕ ಎಲ್ಲಿಯೂ ಇಲ್ಲ.

“ಅದು ಲಂಚ ಕಣೇ. ಇನ್ಸ್‌ಪೆಕ್ಟರ್ ಹೆಂಡ್ತಿ ಅಂತ ಹೆದ್ರಿ ಹಾಕ್ತಿದಾರೆ.”

“ನಾನು ನಿಮ್ಮ ಹೆಂಡ್ತಿ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ ರೀ.”

“ಇಡೀ ಮಾರ್ಕೆಟ್‌ಗೆ ನಾನು ಗೊತ್ತು.”

“ನೀವು ಗೊತ್ತು. ಅದಕ್ಕೇ ನಾನು ಹೇಳಿಲ್ಲ.”

ಈ ಮಾತಿನ ಅರ್ಥವನ್ನು ಆಗಲೇ ವಿಚಾರಿಸಿದ್ದರೆ ಮುಂದಿನ ಎಷ್ಟೋ ಅನಾಹುತ ತಪ್ಪುತ್ತಿತ್ತು. ಸಿಟ್ಟಿನಲ್ಲಿದ್ದ ನಾನು ವಿಚಾರಿಸಲಿಲ್ಲ. ಸ್ಥಳ ಪರಿಶೀಲನೆ ಮಾಡದೆ ತೀರ್ಮಾನಕ್ಕೆ ಬರುವವನು ನಾನಲ್ಲ ಎಂದು ಗಂಭೀರವಾಗಿ ಘೋಷಿಸಿ ಮಲಗಿದೆ.

ಮಾರನೆಯ ಸಂಜೆ ಅಪ್ಪನ ಮಫ್ಲರನ್ನು ಮೂಗಿನ ತನಕ ಸುತ್ತಿಕೊಂಡು ಅವಳ ಹಿಂದೆ ಹೊರಟೆ. ತಗಡಿನ ಸೂರಿನ ಕೆಳಗೆ ಬಲ್ಬುಗಳು ಆಗತಾನೆ ಹತ್ತಿದ್ದವು. ಆಲೂಗಡ್ಡೆ ಮೂಟೆಗಳ ಹಿಂದೆ ಕೂತು ನೋಡಿದೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ನೋಡುತ್ತ ನೋಡುತ್ತ ಬಂದ ಕೆಲಸವೇ ಮರೆತುಹೋಯಿತು. ಅಷ್ಟು ಚೆನ್ನಾಗಿತ್ತು.

ಮೊದಲು ಕಾಳಿನ ಅಂಗಡಿ. ಅಲ್ಲಿನ ಯಜಮಾನನಿಗೆ ಮುಖಕ್ಕಿಂತ ಮೀಸೆ ದೊಡ್ಡದು, ಹೀಗಾಗಿ ಹೆಸರೇ ಮೀಸೆ. ಇವಳು ಏನನ್ನೂ ಕೇಳಲಿಲ್ಲ. ಒಂದು ಕಾಳು ತೆಗೆದು ಹಲ್ಲಲ್ಲಿ ಕಚ್ಚಿದಳು, ಮುಖವನ್ನು ಒಂಚೂರು ಓರೆ ಮಾಡಿದಳು, “ಹೋದ ವಾರದ್ದೇ ಚೆನ್ನಾಗಿತ್ತು ಅಣ್ಣ” ಅಂದಳು. ಅಷ್ಟೇ. ಮೀಸೆ ಅವಮಾನ ತಾಳಲಾರದೆ ಒಳಗಿನ ಮೂಟೆ ಬಿಚ್ಚಿದ, ತೂಗಿದ, ಮೇಲೊಂದು ಬೊಗಸೆ ಹಾಕಿದ. ಅವಳು ಚೀಲದ ಬಾಯಿ ಮುಚ್ಚಲಿಲ್ಲ. ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳಿದಳು. ಅವನು ಹೇಳುತ್ತ ಹೇಳುತ್ತ, ತನಗೇ ಅರಿವಿಲ್ಲದೆ, ಇನ್ನೊಂದು ಬೊಗಸೆ ಹಾಕಿದ.

ಮುಂದೆ ಸೊಪ್ಪಿನವನು. ಅವನ ಹತ್ತಿರ ಮೂಲಂಗಿಯ ಎಲೆ, ಹೂಕೋಸಿನ ಹೊರಸುತ್ತು ಎಲ್ಲ ಕಾಲ ಬುಡದಲ್ಲಿ ರಾಶಿ ಬಿದ್ದಿದ್ದವು. ಇವಳನ್ನು ಕಂಡದ್ದೇ ಅವನೇ ಬಾಚಿ ಚೀಲಕ್ಕೆ ತುಂಬಿದ.

“ಮೊಲ ಹೇಗಿದೆ ಅಮ್ಮ?” ಅಂದ.

ನಾನು ಕಿವಿ ನಿಮಿರಿಸಿದೆ. ನಮ್ಮ ಮನೆಯಲ್ಲಿ ಮೊಲ ಇಲ್ಲ.

“ಕೆಮ್ಮಿತ್ತು. ಈಗ ಪರವಾಗಿಲ್ಲ,” ಅಂದಳು ನನ್ನ ಹೆಂಡತಿ. “ಸಿಡುಕು ಮಾತ್ರ ಜಾಸ್ತಿಯಾಗಿದೆ.”

“ಈ ಎಲೆ ಹಾಕಿ, ಎರಡು ದಿನದಲ್ಲಿ ಸರಿಹೋಗುತ್ತೆ.”

ಹೋದ ವಾರವೆಲ್ಲ ಕೆಮ್ಮುತ್ತಿದ್ದವನು ನಾನು. ಆ ಎಲೆಗಳನ್ನು ರುಚಿ ಹಿಡಿದು ಎರಡೆರಡು ಸಲ ಹಾಕಿಸಿಕೊಂಡು ತಿಂದವನೂ ನಾನೇ. ಮೂಟೆಯ ಹಿಂದೆ ನನಗೆ ಕೆಮ್ಮು ಬರುವಂತಾಯಿತು, ಮಫ್ಲರ್ ಬಾಯಿಗೆ ತುರುಕಿಕೊಂಡೆ.

ಕೊನೆಗೆ ಈರುಳ್ಳಿ ಅಕ್ಕ. ಮಾರ್ಕೆಟ್ಟಿಗೆ ಹಿರಿಯಳು, ಬಾಯಿಯೂ ಹಿರಿದು. ನನ್ನಿಂದ ದಂಡ ಹಾಕಿಸಿಕೊಂಡವರಲ್ಲಿ ಮೊದಲಿಗಳು. ಅವಳು ತೂಗಿ ಆದ ಮೇಲೆ ಎರಡು ದಪ್ಪ ಈರುಳ್ಳಿ ತೆಗೆದು, “ಇದು ನಿನಗೆ ತಂಗಿ” ಅಂತ ಚೀಲಕ್ಕೆ ಹಾಕಿದಳು. ಆಗ ನನಗೆ ಇಲಾಖೆ ನೆನಪಾಯಿತು, ಸಾಹೇಬರು ನೆನಪಾದರು, ವರದಿ ನೆನಪಾಯಿತು. ಮಫ್ಲರ್ ಕಿತ್ತು ಎದ್ದು ನಿಂತೆ.

“ಎಲ್ಲರೂ ಕೇಳಿ. ಈಕೆ ನನ್ನ ಹೆಂಡತಿ. ಇನ್ಸ್‌ಪೆಕ್ಟರ ಮನೆಯವರು ಅಂತ ಈಕೆಗೆ ಇನ್ನು ಮುಂದೆ ಯಾರೂ ಒಂದು ಕಾಳೂ ಹೆಚ್ಚಿಗೆ ಹಾಕಕೂಡದು.”

ಈರುಳ್ಳಿ ಅಕ್ಕ ಇವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಇವಳನ್ನು ನೋಡಿದಳು.

“ಇವರಾ ತಂಗಿ?” ಅಂದಳು ಮೆಲ್ಲಗೆ.

“ಹೂಂ ಅಕ್ಕ. ಇವರೇ.”

ಅಕ್ಕ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. ಕಾನೂನಿನ ಮುಂದೆ ಮಾತು ನಿಂತಿತು ಎಂದು ನಾನು ಎದೆಯುಬ್ಬಿಸಿದೆ. ಚೀಲದಿಂದ ಆ ಎರಡು ಈರುಳ್ಳಿ ತೆಗೆದು ರಾಶಿಗೆ ಹಾಕಿ, ಇವಳನ್ನು ಕರೆದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು.

“ಮುಗೀತಾ?”

ಮುಗಿದಿರಲಿಲ್ಲ. ಅಂದಿನಿಂದ ಸಾಮಾನು ನಾನೇ ತರುತ್ತೇನೆಂದು ಚೀಲ ಕಿತ್ತುಕೊಂಡೆ. ನಾನು ಹೋಗಿ ನಿಂತರೆ ಅಂಗಡಿಯವರು ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳುತ್ತಿರಲಿಲ್ಲ. ಮೀಸೆಯಂತೂ ಮುಳ್ಳು ನೆಟ್ಟಗಾಗಲಿಲ್ಲವೆಂದು ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಅರ್ಧ ಚೀಲಕ್ಕೆ ಹಾಕಿ, ಅರ್ಧ ಡಬ್ಬಕ್ಕೆ ಹಾಕಿದ. ಅಂಥ ನಿಖರವಾದ ಸಾಮಾನು ಈ ಊರಿನಲ್ಲಿ ಯಾರ ಮನೆಗೂ ಹೋಗಿರಲಾರದು. ಸೊಪ್ಪಿನವನ ಹತ್ತಿರ ಎಲೆ ಕೇಳಲು ನನಗೆ ಬಾಯಿ ಬರಲಿಲ್ಲ. ಮೊಲದ ಕ್ಷೇಮಸಮಾಚಾರವನ್ನು ನಾನೇ ಹೇಳುವುದಾದರೂ ಹೇಗೆ?

ಇವಳು ತಂದಿದ್ದನ್ನು ಮರುಮಾತಿಲ್ಲದೆ ಬೇಯಿಸಿದಳು. ಅವಳ ಕೈಗುಣ ಎಲ್ಲಿಗೂ ಹೋಗಿರಲಿಲ್ಲ, ಪಾತ್ರೆ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಗಂಜಿ ದಿನದಿನಕ್ಕೆ ತೆಳುವಾಯಿತು. ದೊಡ್ಡ ಮಗಳು ಗಂಜಿಯೊಳಗೆ ಬಲ್ಬು ಕಾಣುತ್ತದೆ ಅಂದಳು, ಚಿಕ್ಕವಳು ತನಗೆ ತನ್ನ ಹಲ್ಲೂ ಕಾಣುತ್ತದೆ ಅಂದಳು. ಅಪ್ಪ ಎರಡು ಸಲಿಕೆಯಲ್ಲಿ ತಟ್ಟೆ ಖಾಲಿ ಮಾಡಿ ನನ್ನನ್ನೇ ದಿಟ್ಟಿಸಿದರು.

“ಒಲೆ ಆರಿಹೋಗ್ತಿದೆ ಕಣೋ,” ಅಂದರು ಹೊಟ್ಟೆ ಮುಟ್ಟಿಕೊಂಡು.

“ಅಪ್ಪ, ಇದರಲ್ಲಿರೋ ಒಂದೊಂದು ಕಾಳೂ ಪ್ರಾಮಾಣಿಕ.”

“ಇರಬಹುದು. ಸಂಖ್ಯೆ ಸಾಲದು.”

ಇವಳು ಅಪ್ಪನ ತಟ್ಟೆಗೆ ತನ್ನ ಪಾಲಿನಿಂದ ಬಡಿಸಿದಳು. ಮಾತಾಡಿ ಹಂಗಿಸಿದ್ದರೆ ಜಗಳವಾಡಬಹುದಿತ್ತು. ಮಾರನೆಯ ದಿನ ಬೆಳಗ್ಗೆ ಚೀಲವನ್ನು ಮೊಳೆಗೆ ನೇತುಹಾಕಿ, ಆಫೀಸಿನಲ್ಲಿ ಕೆಲಸ ಜಾಸ್ತಿ, ನೀನೇ ಹೋಗಿ ಬಾ ಎಂದೆ. (ಸೋತೆ ಎಂದು ಹೇಳುವ ಕ್ರಮ ನಮ್ಮ ಇಲಾಖೆಯಲ್ಲಿಲ್ಲ.)

ಅವತ್ತು ಸಂಜೆ ಬಂದು ನೋಡಿದರೆ ಚೀಲ ಎರಡಾಗಿತ್ತು. ಪಾತ್ರೆ ಉಕ್ಕುತ್ತಿತ್ತು. ಹುಡುಗಿಯರು ಕುಣಿಯುತ್ತಿದ್ದರು, ಅಪ್ಪ ಹಾಡುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆಗೆದು, ಸರ್ಕಾರದ ಬಟ್ಟುಗಳನ್ನಿಟ್ಟು ಒಂದೊಂದನ್ನೇ ತೂಗಿದೆ. ಈರುಳ್ಳಿ ಹೆಚ್ಚು. ಕಾಳು ಹೆಚ್ಚು. ನುಚ್ಚು ಬಹಳ ಹೆಚ್ಚು. ಮೊದಲಿನ ಕೊಸರಿನ ಎರಡರಷ್ಟು.

ಮೊದಲಾದರೆ ಯಾರ ಹೆಂಡತಿ ಅಂತ ಗೊತ್ತಿಲ್ಲದೆ ಹಾಕಿದರು ಎನ್ನಬಹುದಿತ್ತು. ಈಗ ನಾನೇ ಮೂಟೆ ಹಿಂದಿನಿಂದ ಎದ್ದು ನಿಂತು ಎಲ್ಲರಿಗೂ ತಿಳಿಸಿದ್ದೇನೆ. ಹೀಗಾಗಿ ಇದು ಸಾಕ್ಷಿಸಮೇತ ಲಂಚ. ಮಾರನೆಯ ಬೆಳಗ್ಗೆ ದೊಡ್ಡ ಸಾಹೇಬರು ವಾರ್ಷಿಕ ತಪಾಸಣೆಗೆ ಖುದ್ದಾಗಿ ಮಾರ್ಕೆಟ್ಟಿಗೆ ಬರುವವರಿದ್ದರು. ಯಾರಾದರೂ ಬಾಯಿಬಿಟ್ಟರೆ ನೌಕರಿ ಹೋಯಿತು. ನೌಕರಿ ಹೋದರೆ ಈ ಪಾತ್ರೆಗೆ ಇವಳಾದರೂ ಎಲ್ಲಿಂದ ತಂದು ಹಾಕುತ್ತಾಳೆ?

ಇರುವುದು ಒಂದೇ ದಾರಿ ಎಂದುಕೊಂಡೆ. ಹೆಚ್ಚಿನ ಸಾಮಾನನ್ನು ಬೇರೆ ಚೀಲಕ್ಕೆ ಕಟ್ಟಿ, ಸಾಹೇಬರ ಎದುರಿನಲ್ಲೇ ಹಿಂದಿರುಗಿಸಿಬಿಡುವುದು.

ಬೆಳಗ್ಗೆ ಸಾಹೇಬರು ಬಂದರು. ಇವಳೂ ಎಣ್ಣೆ ತರಲೆಂದು ಬಂದಿದ್ದವಳು ಒಂದು ಕಡೆ ನಿಂತಿದ್ದಳು. ನಾನು ಚೀಲವನ್ನು ಈರುಳ್ಳಿ ಅಕ್ಕನ ಮುಂದೆ ಇಟ್ಟು, ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೇಳಿದೆ.

“ನನ್ನ ಹೆಂಡತಿಗೆ ಯಾಕೆ ಹೆಚ್ಚು ಹಾಕಿದೆ? ಸಾಹೇಬರ ಎದುರಿಗೇ ಹೇಳು. ನನಗೆ ಹೆದರಿ ತಾನೇ?”

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು.

“ಹೆದರಿಕೆನಾ?” ಅಕ್ಕನಿಗೆ ಆಶ್ಚರ್ಯವಾಯಿತು. “ಈಗ ನನ್ನ ತಕ್ಕಡಿ ಸರಿ ಇದೆ, ನಿಮಗ್ಯಾಕೆ ಹೆದರಲಿ ಸ್ವಾಮಿ?”

“ಮತ್ತೆ? ಮೊದಲು ಎರಡು ಈರುಳ್ಳಿ ಹಾಕ್ತಿದ್ದೋಳು ಈಗ ನಾಲ್ಕು ಹಾಕಿದೀಯ.”

“ಹೌದು. ಮೊದಲು ಆಯಮ್ಮ ಯಾರ ಮನೆಯೋರೋ ಗೊತ್ತಿರಲಿಲ್ಲ. ನಗ್ತಾ ನಗ್ತಾ ಬರ್ತಾಳೆ, ಕಷ್ಟ ಸುಖ ಕೇಳ್ತಾಳೆ, ಖುಷಿಗೆ ಎರಡು ಹಾಕ್ತಿದ್ದೆ.” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆಮೇಲೆ ನೀವು ಬಂದು ಗಂಡ ಅಂತ ಹೇಳಿದ್ರಲ್ಲ. ಪಾಪ ಅನ್ನಿಸ್ತು.”

“ಯಾರು ಪಾಪ?”

“ಆಯಮ್ಮ.”

ಮೀಸೆ ಪಕ್ಕದಿಂದ ತಲೆ ಹಾಕಿದ. “ನಾನೂ ಅದಕ್ಕೇ ಹಾಕಿದ್ದು ಸಾರ್. ವಾರಕ್ಕೊಂದು ಸಲ ನೋಡೋಕೇ ನಮಗೆ ಕಷ್ಟ. ಅವರು ದಿನಾ ಮನೇಲಿ ಇಟ್ಕೊಂಡಿದಾರೆ.”

ಸೊಪ್ಪಿನವನು ಬಾಯಿ ತೆರೆಯುವುದರಲ್ಲಿದ್ದ. ನಾನು ಕಣ್ಣಿನಲ್ಲೇ ಬೇಡಿಕೊಂಡೆ.

ಸಾಹೇಬರು ನನ್ನನ್ನು ನೋಡಿದರು. ಅವರ ಮುಖದಲ್ಲಿ ಅಷ್ಟು ದಿನ ಇದ್ದ ಅನುಮಾನ ಪೂರ್ತಿ ತೊಳೆದುಹೋಗಿತ್ತು. ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು.

“ನಡತೆಯ ಕಾಲಮ್ಮಿನಲ್ಲಿ ಏನು ಬರೀಬೇಕು ಅಂತ ಯೋಚನೆಯಾಗಿತ್ತು. ಈಗ ಇಲ್ಲ. ಇಡೀ ಮಾರ್ಕೆಟ್‌ನಲ್ಲಿ ಒಬ್ಬರಿಗೂ ನಿಮ್ಮನ್ನ ಕಂಡ್ರಾಗಲ್ಲ. ಇಷ್ಟು ಪ್ರಾಮಾಣಿಕ ನೌಕರನನ್ನ ನಾನು ನೋಡಿಲ್ಲ.”

ಹೀಗೆ ನನ್ನ ನೌಕರಿ ಉಳಿಯಿತು. ಸಂತೋಷಪಡಬೇಕೋ ಬೇಡವೋ ತಿಳಿಯದೆ ನಾನು ನಿಂತಿದ್ದೆ. ಅಷ್ಟರಲ್ಲಿ ಈರುಳ್ಳಿ ಅಕ್ಕ ನಾನು ತಂದಿಟ್ಟ ಚೀಲವನ್ನು ಎತ್ತಿ, ಇನ್ನೆರಡು ಈರುಳ್ಳಿ ಸೇರಿಸಿ, ನನ್ನ ಹೆಂಡತಿಯ ಕೈಗೆ ಕೊಟ್ಟಳು. ಸಾಹೇಬರು ತಡೆಯಲಿಲ್ಲ. ಕರುಣೆಗೆ ದಂಡ ಹಾಕುವ ನಿಯಮ ನಮ್ಮಲ್ಲಿ ಇಲ್ಲವಂತೆ.

ಆ ಸಂಜೆ ಮತ್ತೆ ಈರುಳ್ಳಿ ಕೆಂಪಾಯಿತು. ನಾನು ಮುನಿಸಿಕೊಂಡು ಊಟ ಬೇಡವೆನ್ನಬೇಕೆಂದಿದ್ದೆ, ವಾಸನೆ ಬಿಡಲಿಲ್ಲ. ಎರಡನೆಯ ಸಲ ಬಡಿಸಿಕೊಂಡಾಗ ತಡೆಯಲಾರದೆ ಹೇಳಿಯೇಬಿಟ್ಟೆ.

“ಅವರು ಏನಾದ್ರೂ ಅನ್ಲಿ. ಇಷ್ಟರಲ್ಲಿ ಇಂಥ ಅಡಿಗೆ ಮಾಡೋರು ಬೇರೆ ಯಾರೂ ಇಲ್ಲ.”

ಅವಳ ಮುಖ ಅರಳಿತು. ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿ, ಪಕ್ಕದಲ್ಲಿ ಕೂತಳು. ಧ್ವನಿ ಬಹಳ ಮೃದುವಾಗಿತ್ತು.

“ರೀ, ಶನಿವಾರ ಇಡೀ ತಿಂಗಳಿನ ನುಚ್ಚು, ಬೇಳೆ ಎಲ್ಲ ತಗೋಬೇಕು. ನಾನು ಅಲ್ಲಿರೋವಾಗ ನೀವೂ ಒಂದು ಗಳಿಗೆ ಮಾರ್ಕೆಟ್ ಕಡೆ ಬಂದು ಹೋಗ್ತೀರಾ?”

“ಯಾಕೆ?”

“ಎಲ್ಲರೂ ನಿಮ್ಮನ್ನ ಒಂದು ಸಲ ನೋಡಲಿ ಅಂತ.”

ಅರ್ಥವಾಗಲು ಒಂದು ತುತ್ತಿನಷ್ಟು ಹೊತ್ತು ಹಿಡಿಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಸರ್ಕಾರಿ ನೌಕರನಾದ ನಾನು ನಾಲ್ಕು ಕಾಳಿಗಾಗಿ ಬೀದಿಯಲ್ಲಿ ನಿಂತು ನಾಟಕ ಆಡುವವನಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

“ನಾಟಕ ಆಡಿ ಅಂತ ಯಾರು ಹೇಳಿದ್ರು?” ಅಂದಳು ನನ್ನ ಹೆಂಡತಿ. “ಯಾವಾಗ್ಲೂ ಇರೋ ಹಾಗೇ ಇದ್ರೆ ಸಾಕು.”